ಪಿತ್ತಕೋಶದ ಕಲ್ಲು: ಆಪರೇಷನ್ ಮಾಡಿಸಿದವರು ಅನುಭವ ಹೇಳಿ

ವಿಜಯನಗರ: ಅಮ್ಮನಿಗೆ 58 ವರ್ಷ, ಶುಗರ್ ಇದೆ. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದಲ್ಲಿ 14 ಮಿ.ಮೀ. ಕಲ್ಲು ಕಂಡಿದೆ. ಊಟವಾದ ಮೇಲೆ ಬಲಗಡೆ ನೋವು ಬಂದು ಹೋಗುತ್ತದೆ. ಸಣ್ಣ ತೂತುಗಳಿಂದ ಪಿತ್ತಕೋಶವನ್ನೇ ತೆಗೆಯುವ ಲ್ಯಾಪ್ರೋಸ್ಕೋಪಿ ಮಾಡಿಸಿ ಅಂದರು. ದಸರಾ ತನಕ ಕಾಯಬಹುದಾ?

ಬನಶಂಕರಿ: ಮೊದಲು ಪಾಲಿಸಿ ತೆಗೆದು ರೂಮ್ ಬಾಡಿಗೆ ಮಿತಿ ನೋಡಿ. ನಮ್ಮವರಿಗೆ ದಿನಕ್ಕೆ 4,000 ಮಿತಿ. ಖಾಲಿ ಇದ್ದದ್ದು 6,500ರ ರೂಮ್ ಮಾತ್ರ. ಮೇಲಿನ ಎರಡೂವರೆ ಸಾವಿರ ಕೈಯಿಂದ ಹೋಗುತ್ತದೆ ಅಷ್ಟೇ ಅಂತ ಇನ್ಶೂರೆನ್ಸ್ ಡೆಸ್ಕ್‌ನವನು ಹೇಳಿದ್ದ. ಬಿಲ್ ಬಂದಾಗ ಸರ್ಜನ್ ಫೀಸು, ಓಟಿ, ಅರಿವಳಿಕೆ ಎಲ್ಲಕ್ಕೂ 6,500ಕ್ಕೆ 4,000ದ ಅನುಪಾತದಲ್ಲಿ ಕತ್ತರಿ. ಒಟ್ಟು 1,38,000ರಲ್ಲಿ 47,700 ನಮ್ಮ ತಲೆಗೆ. ಅದರಲ್ಲಿ ಗ್ಲೌಸು, ಕ್ಯಾಪು, ಅಡ್ಮಿಷನ್ ಕಿಟ್ ಅಂತಲೇ 9,200! ಆಪರೇಷನ್ ಸಲೀಸಾಯಿತು ಬಿಡಿ. ನಾಲ್ಕು ತೂತು, ಮರುದಿನ ಇಡ್ಲಿ ತಿಂದರು. ಹೊಟ್ಟೆಗಿಂತ ಭುಜ ಜಾಸ್ತಿ ನೋಯಿತು, ಹೊಟ್ಟೆ ಉಬ್ಬಿಸಲು ತುಂಬುವ ಗ್ಯಾಸಿನಿಂದಂತೆ.

ಮಲ್ಲೇಶ್ವರ: ಕಲ್ಲು ಅಂದ ಕೂಡಲೇ ಕೊಯ್ಯಿಸಲು ಓಡುತ್ತೀರಲ್ಲ! ನಾನು ಸೇಬಿನ ರಸ ಕುಡಿದೆ, ರಾತ್ರಿ ಆಲಿವ್ ಎಣ್ಣೆ, ನಿಂಬೆರಸ. ಬೆಳಿಗ್ಗೆ ಹಸಿರು ಕಲ್ಲು ರಾಶಿ ಬಿದ್ದವು. ಖರ್ಚು 1,100, ಅದರಲ್ಲಿ ಎಣ್ಣೆಗೇ 850.

ಹನುಮಂತನಗರ: ಅದು ಕಲ್ಲಲ್ಲ ಸಾರ್. ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಸೋಪಾಗಿ ಗಟ್ಟಿಯಾಗಿ ಬಂದದ್ದು. ಆಮೇಲೆ ಸ್ಕ್ಯಾನ್ ಮಾಡಿಸಿದಿರಾ? ನಮ್ಮಕ್ಕನೂ ಇಂಥದ್ದೇ ಮಾತು ಕೇಳಿ, ಗ್ಯಾಸು ಅಂತ ಪ್ಯಾಂಟೊಪ್ರಜೋಲ್ ನುಂಗಿಕೊಂಡು ಮಗಳ ಮದುವೆ ತನಕ ತಳ್ಳಿದಳು. ಕಲ್ಲು ಜಾರಿ ಪಿತ್ತನಾಳದಲ್ಲಿ ಕೂತಿತು. ಕಣ್ಣು ಹಳದಿ, ಚಳಿಜ್ವರ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ. ಪಿತ್ತನಾಳ ನೋಡುವ ಎಂಆರ್‌ಸಿಪಿ ಸ್ಕ್ಯಾನ್‌ಗೆ 9,500. ಬಾಯಿಯಿಂದ ಕೊಳವೆ ಬಿಟ್ಟು ನಾಳದ ಕಲ್ಲು ತೆಗೆಯುವ ಇಆರ್‌ಸಿಪಿ, ನಾಳ ಮುಚ್ಚದಂತೆ ಇಡುವ ಕೊಳವೆ ಸ್ಟೆಂಟ್ ಸೇರಿ 72,000. ಅದಾದ ಮೇಲೆ ಮೇದೋಜೀರಕ ಊದಿಕೊಂಡು ಐಸಿಯು, ಆ ಬಿಲ್ ಬೇಡವೇ ಬೇಡ. ಇಷ್ಟಾದರೂ ಪಿತ್ತಕೋಶ ತೆಗೆಸಲೇಬೇಕಾಯಿತು, 95,000. ಸ್ಟೆಂಟ್ ತೆಗೆಸಲು ಮತ್ತೆ 14,000.

ಮಲ್ಲೇಶ್ವರ: ಅದು ನಿಮ್ಮಕ್ಕನ ಕಥೆ. ನನಗೆ ನೋವಿಲ್ಲ, ಸುಮ್ನೆ ಸ್ಕ್ಯಾನ್ ಯಾಕೆ? ಆಸ್ಪತ್ರೆ ಏಜೆಂಟರ ಥರ ಮಾತಾಡಬೇಡಿ.

ಹನುಮಂತನಗರ: ಏಜೆಂಟಾ? ಆ ಇಆರ್‌ಸಿಪಿ ದುಡ್ಡು ಇನ್ನೂ ನನ್ನ ಕ್ರೆಡಿಟ್ ಕಾರ್ಡಿನ ಕಂತಿನಲ್ಲಿ ಓಡುತ್ತಿದೆ ಸ್ವಾಮಿ!

ಯಶವಂತಪುರ: ಲಕ್ಷದ ಲೆಕ್ಕ ಓದಿ ನಗು ಬಂತು. ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಸರ್ಕಾರದ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ. ನಮ್ಮ ತಂದೆಗೆ ಅಲ್ಲೇ ಆಯಿತು. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಸರ್ಕಾರ ಕೊಡುತ್ತದೆ. ಅಪ್ಪನ ಪಿತ್ತಕೋಶ ಸುತ್ತಲೂ ಅಂಟಿಕೊಂಡಿತ್ತು. ಅರ್ಧದಲ್ಲಿ ಹೊಟ್ಟೆ ತೆರೆದು ಮಾಡಿದರು. ಈಗ ಆರಾಮಾಗಿದ್ದಾರೆ.

ಬನಶಂಕರಿ: ಅದಕ್ಕೇ ನಾವು ಪ್ರೈವೇಟ್‌ಗೆ ಹೋದದ್ದು. ಅಷ್ಟುದ್ದ ಗಾಯ ಬೇಕಿತ್ತಾ?

ಯಶವಂತಪುರ: ಪ್ರೈವೇಟ್‌ನಲ್ಲೂ ತೆರೆಯುತ್ತಾರೆ ಮೇಡಂ. ನಾಳ ಸರಿಯಾಗಿ ಕಾಣದಿದ್ದರೆ ತೆರೆಯುವುದೇ ಸರಿ. ತಪ್ಪಿ ನಾಳಕ್ಕೆ ಕತ್ತರಿ ಬಿದ್ದರೆ ಜೀವನಪೂರ್ತಿ ಒದ್ದಾಟ. ಅಂದಹಾಗೆ ನಿಮ್ಮ ಕಿಟ್ಟಿಗೆ ಹೋದಷ್ಟು ದುಡ್ಡು ನಮಗೆ ಇಡೀ ಆಪರೇಷನ್ನಿಗೂ ಆಗಲಿಲ್ಲ.

ರಾಜಾಜಿನಗರ: ಬಾಳೆದಿಂಡಿನ ಪಲ್ಯ ಕೊಟ್ಟು ನೋಡಿದಿರಾ?

ಹನುಮಂತನಗರ: ಅಯ್ಯೋ, ಅದು ಕಿಡ್ನಿ ಕಲ್ಲಿಗೆ ಹೇಳುವುದು! ಇದು ಬೇರೆ ಕಲ್ಲು, ಬೇರೆ ಜಾಗ. ಮೇಲಿರುವುದನ್ನು ಓದಿ ಬರೆಯಿರಿ.

ರಾಜಾಜಿನಗರ: ಕೇಳಿದ್ದಕ್ಕೇ ಇಷ್ಟು ಕೂಗಾಟವಾ? ನಮ್ಮತ್ತೆಗೆ ಇದ್ದದ್ದು ಕಿಡ್ನಿ ಕಲ್ಲೇ. ದಿಂಡಿನ ರಸ ಕುಡಿಸಿಯೂ ಕೊನೆಗೆ ಲೇಸರ್‌ಗೆ 65,000 ಆಯಿತು. ಆ ಬಿಲ್ಲಿನ ಕಥೆ ಹೇಳುತ್ತೇನೆ ಇರಿ.