ಸುಕ್ಕೋ, ನೆರಿಗೆಯೋ? ಬೊಟಾಕ್ಸ್ ಸೂಜಿ ಯಾವುದಕ್ಕೆ?

ಚರ್ಮದ ಡಾಕ್ಟರೊಬ್ಬರಿಗೆ ಬೊಟಾಕ್ಸ್ ಕುರಿತ ಎರಡು ಪುಟದ ಕರಪತ್ರ ತಿದ್ದಿಕೊಡುತ್ತಿದ್ದೇನೆ. ಮೊದಲ ಸಾಲಲ್ಲೇ ಸಿಕ್ಕಿಬಿದ್ದೆ: ‘ಮುಖದ ಸುಕ್ಕುಗಳನ್ನು ಮೃದುಗೊಳಿಸುವ ಚುಚ್ಚುಮದ್ದು’. ಅಮ್ಮನಿಗೆ ಓದಿ ಹೇಳಿದೆ. ‘ಮೃದು ಆದರೂ ಸುಕ್ಕು ಸುಕ್ಕೇ ಅಲ್ವಾ? ಅದೇನು ಚಪಾತಿ ಹಿಟ್ಟಾ?’ ಅಂದರು.

ಮೃದು ಎನ್ನುವುದು ಮುಟ್ಟಿದರೆ ತಿಳಿಯುವಂಥದ್ದು. ಇಲ್ಲಿ ಗೆರೆ ಮಾಸುತ್ತದೆ, ಅಷ್ಟೇ. ನನಗೆ ‘ಸಡಿಲಿಸು’ ಸರಿ ಅನ್ನಿಸುತ್ತದೆ. ಏಕೆಂದರೆ ಈ ಔಷಧಿಯ ಕೆಲಸ ಚರ್ಮದ ಮೇಲಲ್ಲ, ಅದರಡಿಯ ಸ್ನಾಯುವಿನ ಮೇಲೆ. ಸ್ನಾಯುವಿಗೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ನರದ ತುದಿಯಲ್ಲಿ ಹೊರಬರದಂತೆ ತಡೆಯುತ್ತದೆ. ‘ಬಿಗಿ’ ಅನ್ನುವ ಸುದ್ದಿಯೇ ಸ್ನಾಯುವಿಗೆ ಮುಟ್ಟುವುದಿಲ್ಲ. ಮೂರು ನಾಲ್ಕು ತಿಂಗಳು ಸುಮ್ನೆ ಇರುತ್ತದೆ.

ಇನ್ನು ‘ಸುಕ್ಕು’. ಮುದುರಿಟ್ಟ ಬಟ್ಟೆ ತಾನಾಗಿ ಸುಕ್ಕಾಗುತ್ತದೆ. ಸೀರೆಯ ನೆರಿಗೆಯನ್ನು ನಾವು ಹಿಡಿಯುತ್ತೇವೆ, ಬಿಟ್ಟರೆ ಬಿಚ್ಚಿಕೊಳ್ಳುತ್ತದೆ. ಕನ್ನಡಿ ಮುಂದೆ ನಿಂತು ಹುಬ್ಬೇರಿಸಿದೆ. ಹಣೆಯಲ್ಲಿ ಮೂರು ಗೆರೆ ಎದ್ದವು. ಹುಬ್ಬು ಇಳಿಸಿದಾಗ ಎರಡು ಹೋದವು, ಒಂದು ಹೋಗಲಿಲ್ಲ. ಹೋದವು ನೆರಿಗೆ, ಉಳಿದದ್ದು ಸುಕ್ಕು ಎಂದು ನನ್ನ ಲೆಕ್ಕ. ಬೊಟಾಕ್ಸ್ ಜಾಸ್ತಿ ಕೆಲಸ ಮಾಡುವುದು ನೆರಿಗೆಗೆ. ಕೂತುಬಿಟ್ಟ ಆಳದ ಗೆರೆಗೆ ಹಯಲುರಾನಿಕ್ ಆಸಿಡ್ಡಿನಂಥ ಫಿಲ್ಲರ್ ತುಂಬುವುದುಂಟು. ಕರಪತ್ರದಲ್ಲಿ ಎರಡಕ್ಕೂ ‘ಸುಕ್ಕಿನ ಇಂಜೆಕ್ಷನ್’ ಎಂದೇ ಇದೆ. ದುಡ್ಡು ಕೊಡುವವರು ಯಾವುದು ಅಂತ ತಿಳಿಯಬೇಕು?

ಔಷಧಿಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ 2002ರಲ್ಲಿ ಬೊಟಾಕ್ಸನ್ನು ಅಂದಚೆಂದಕ್ಕೆ ಒಪ್ಪಿದ್ದು ಹುಬ್ಬುಗಳ ನಡುವಿನ ಗೆರೆಗೆ. ಅದಕ್ಕೆ ಪದ ಹುಡುಕಬೇಕಿಲ್ಲ, ಹುಬ್ಬು ಗಂಟಿಕ್ಕುವುದು ನಮಗೆ ಗೊತ್ತಿದ್ದದ್ದೇ. ‘ಹುಬ್ಬುಗಂಟು’ ಎಂದರೆ ಸಾಕು. ಆದರೆ ಕಣ್ಣಂಚಿನ ಗೆರೆಗೆ ಇಂಗ್ಲಿಷಿನ ‘ಕ್ರೋಸ್ ಫೀಟ್’ ಅನ್ನೇ ಇಳಿಸಿ ‘ಕಾಗೆ ಕಾಲು’ ಅಂತ ಹಾಕಿದ್ದಾರೆ! ಕಾಪಿ ಪುಸ್ತಕ ನೋಡಿ ‘ಏನೋ ಇದು, ಕಾಗೆ ಕಾಲು ಗುಬ್ಬಿ ಕಾಲು’ ಎಂದು ಬೈಯುತ್ತಿದ್ದ ಮೇಷ್ಟ್ರು ನೆನಪಾದರು. ಹೊಡೆದುಹಾಕಿ ‘ಕಣ್ಣಂಚಿನ ಗೆರೆ’ ಎಂದು ಬರೆದೆ.

ಸುಕ್ಕಿಗೆ ‘ತೆರೆ’ ಎಂಬ ಹಳೆಯ ಪದವೂ ಇದೆ. ಬಸವಣ್ಣನವರ ‘ನೆರೆ ಕೆನ್ನೆಗೆ, ತೆರೆ ಗಲ್ಲಕ್ಕೆ’ ಎಲ್ಲರಿಗೂ ಗೊತ್ತು. ಚೆಂದದ ಪದ, ಆದರೆ ಈಗ ತೆರೆ ಅಂದರೆ ಸಮುದ್ರವೋ ನಾಟಕದ ಪರದೆಯೋ ಕಣ್ಣಿಗೆ ಬರುತ್ತದೆ.

‘ಚುಚ್ಚುಮದ್ದು’ ಅಂದರೆ ಲಸಿಕೆಯ ನೆನಪು. ಹಾಗಂತ ‘ಮದ್ದು’ ಬಿಡಲು ಮನಸ್ಸಿಲ್ಲ. ಮದ್ದು ಔಷಧಿಯೂ ಹೌದು, ‘ಯಾರೋ ಮದ್ದು ಹಾಕಿದ್ದಾರೆ’ ಎಂದು ಪಿಸುಗುಡುವಾಗ ವಿಷವೂ ಹೌದು. ಬೊಟಾಕ್ಸ್ ಕಥೆಯೂ ಅದೇ. ಅದು ಬೊಟುಲಿನಂ ಟಾಕ್ಸಿನ್ ಎಂಬ ವಿಷದಿಂದ ಮಾಡಿದ ಔಷಧಿ. ಆ ಹೆಸರಿನ ಮೂಲ ಬೊಟುಲಸ್ ಎಂಬ ಲ್ಯಾಟಿನ್ ಪದ, ಅರ್ಥ ಸಾಸೇಜ್, ಅಂದರೆ ಕೊಚ್ಚಿದ ಮಾಂಸ ತುಂಬಿದ ಕೊಳವೆ. ಕೆಟ್ಟ ಸಾಸೇಜ್ ತಿಂದು ಸತ್ತವರ ಬಗ್ಗೆ ಜರ್ಮನಿಯ ವೈದ್ಯ ಯುಸ್ಟಿನಸ್ ಕೆರ್ನರ್ 1820ರ ಸುಮಾರಿಗೆ ವಿವರವಾಗಿ ಬರೆದ. ಈ ವಿಷ ಚೂರೇ ಚೂರು ಕೊಟ್ಟರೆ ಔಷಧಿಯಾದೀತು ಎಂದು ಊಹಿಸಿದವನೂ ಅವನೇ.

ಸದ್ಯಕ್ಕೆ ‘ನೆರಿಗೆ ಸಡಿಲಿಸುವ ಮದ್ದು’ ಎಂದು ಬರೆದಿಟ್ಟಿದ್ದೇನೆ. ‘ನಿರಿಗೆ’ ಅನ್ನುವವರು ಅದನ್ನು ಮುಖಕ್ಕೂ ಹೇಳುತ್ತೀರಾ, ಸೀರೆಗೆ ಮಾತ್ರವಾ? ಕರಾವಳಿಯವರಿಗೆ ಈ ಸಾಲಿನ ‘ಮದ್ದು’ ಕೈಮದ್ದಿನ ಹಾಗೆ ಕೇಳಿಸುತ್ತದೆಯೇ? ಶುಕ್ರವಾರ ಕರಪತ್ರ ಅಚ್ಚಿಗೆ ಹೋಗುತ್ತದೆ.