ಪದಚರ್ಚೆ: ಬಿಗ್ ಎಂಡಿಯನ್, ಲಿಟಲ್ ಎಂಡಿಯನ್‌ಗೆ ಕನ್ನಡದಲ್ಲಿ ಏನು? (ತುರ್ತು)

ಬಲ್ಲವರಿಗೆ ನಮಸ್ಕಾರ.

ಮೈಸೂರಿನ ಡಿಪ್ಲೊಮಾ ಹುಡುಗರಿಗಾಗಿ ಎಂಬೆಡೆಡ್ ಫೈಲ್‌ಸಿಸ್ಟಂ (ಸಣ್ಣ ಯಂತ್ರಗಳೊಳಗಿನ ಚಿಪ್ಪಿನಲ್ಲಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ) ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಬೈಟ್‌ಗಳ ಕ್ರಮ ಹೇಳುವ ಈ ಎರಡು ಪದಗಳಲ್ಲೇ ಸಿಕ್ಕಿಕೊಂಡಿದ್ದೇನೆ.

ನನ್ನ ಉದಾಹರಣೆ ಇದು. ಕನ್ನಂಬಾಡಿಯ ಪೂರ್ಣ ಮಟ್ಟ 124.80 ಅಡಿ. ಅದನ್ನು 12480 ಎಂದು ಎರಡು ಬೈಟ್‌ಗಳಲ್ಲಿ ಫ್ಲ್ಯಾಶ್ ಮೆಮೊರಿಗೆ ಬರೆಯುತ್ತೇವೆ: ಮೇಲಿನ ಬೈಟ್ 48, ಕೆಳಗಿನದು 192 (48×256 + 192 = 12480). ಮೇಲಿನ ಬೈಟ್ ಮೊದಲು ಬಂದರೆ ಬಿಗ್ ಎಂಡಿಯನ್, ಕೆಳಗಿನದು ಮೊದಲು ಬಂದರೆ ಲಿಟಲ್ ಎಂಡಿಯನ್. ಓದುವ ಯಂತ್ರ ಇವನ್ನು ಅದಲುಬದಲು ಮಾಡಿಕೊಂಡರೆ 49200, ಅಂದರೆ 492 ಅಡಿ! ಕರಡಿನಲ್ಲಿ 'ಬೃಹದಂತ್ಯ', 'ಲಘ್ವಂತ್ಯ' ಎಂದಿದೆ. ಉಳಿಸಿಕೊಳ್ಳಬಹುದೇ?

ಉತ್ತರ (ಮೈಸೂರು):

ಬೇಡ. ಅಂತ್ಯ ಎಂದರೆ ಮುಗಿಯುವ ಕಡೆ. 'ಬೃಹದಂತ್ಯ' ಓದಿದ ಹುಡುಗ ಮೇಲಿನ ಬೈಟ್ ಕೊನೆಗೆ ಬರುತ್ತದೆ ಎಂದೇ ತಿಳಿಯುತ್ತಾನೆ. ಇರುವುದು ಅದಕ್ಕೆ ತದ್ವಿರುದ್ಧ. 1980ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡ್ಯಾನಿ ಕೋಹೆನ್ ಈ ಹೆಸರುಗಳನ್ನು ತಂದದ್ದು ಗಲಿವರನ ಕಥೆಯ ಮೊಟ್ಟೆ ಜಗಳದಿಂದ. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕು ಎಂಬುದೇ ಅಲ್ಲಿನ ವ್ಯಾಜ್ಯ. ಹಾಗಾಗಿ ಹಿರಿತುದಿ, ಕಿರಿತುದಿ. ಪಿರಿ ಹಿರಿಯಾದ ಕಾಲದಿಂದ ನಮ್ಮಲ್ಲೇ ಇರುವ ಮಾತಿದು. ಇದಕ್ಕೂ ಸಂಸ್ಕೃತದ ಹಂಗೇ?

ಉತ್ತರ (ಮೈಸೂರು, ಅಗ್ರಹಾರ):

ಹಂಗು ಎಂಬ ಮಾತು ಸಲ್ಲದು. ಅಂಕೆಗಳನ್ನು ಪದಗಳಿಂದ ಹೇಳುವ ಭೂತಸಂಖ್ಯೆಯಲ್ಲಿ ಬಿಡಿ ಮೊದಲು, ಹತ್ತು ಆಮೇಲೆ: ನೇತ್ರ ಎರಡು, ಬಾಣ ಐದು, ಆದರೆ 'ನೇತ್ರಬಾಣ' ಎಂದರೆ 52, 25 ಅಲ್ಲ. 'ಅಂಕಾನಾಂ ವಾಮತೋ ಗತಿಃ' (ಅಂಕೆಗಳ ನಡೆ ಎಡಕ್ಕೆ) ಎಂದು ಇದಕ್ಕೆ ಸೂತ್ರವೇ ಇದೆ. ಲಿಟಲ್ ಎಂಡಿಯನ್ ಎಂದರೆ ವಾಮಗತಿ, ಇನ್ನೊಂದು ದಕ್ಷಿಣಗತಿ. ಮನೆಯಲ್ಲಿರುವುದನ್ನು ನೋಡದೆ ಹೊಸ ಪದ ಟಂಕಿಸಲು ಹೊರಡುವುದು ಯಾವ ನ್ಯಾಯ?

ಉತ್ತರ (ಮಂಡ್ಯ):

ಸ್ವಾಮಿ, ವಾಮಗತಿಯ ಹಿಂದಿನ ಲೆಕ್ಕ ಸೊಗಸಾಗಿದೆ. ಆದರೆ ಮೆಮೊರಿಯಲ್ಲಿ ಎಡಬಲ ಇಲ್ಲ, ವಿಳಾಸ ಏರುತ್ತದೆ ಅಷ್ಟೆ. ನಮಗೆ ಬೇಕಾದದ್ದು ಯಾವುದು ಮೊದಲು ಎಂಬುದು. ಹಿರಿತುದಿ ಎಂದರೂ 'ತುದಿಯಲ್ಲಿ ಹಿರಿದು' ಎಂದು ಕೇಳುತ್ತದೆ, 'ಅಂತ್ಯ'ದ ತೊಡಕೇ ಮರಳಿ ಬಂತು. ಹಿರಿಮೊದಲು, ಕಿರಿಮೊದಲು ಎನ್ನಿ.

ಎರಡೂ ಪದ ಒಂದೇ ಪುಟದಲ್ಲಿ ಬರುತ್ತವೆ ಎಂಬುದೂ ನೆನಪಿರಲಿ. ಫ್ಲ್ಯಾಶ್ ಚಿಪ್ಪನ್ನು ನಿಭಾಯಿಸುವ ಲಿನಕ್ಸ್ ಪದರ ಯುಬಿಐ ತನ್ನ ಹೆಡರ್‌ಗಳನ್ನು (ಮೊದಲಲ್ಲಿಡುವ ವಿವರಗಳನ್ನು) ಬಿಗ್ ಎಂಡಿಯನ್‌ನಲ್ಲಿ ಬರೆಯುತ್ತದೆ. ಅದರ ಮೇಲೆ ಕೂರುವ ಫೈಲ್‌ಸಿಸ್ಟಂ ಯುಬಿಐಎಫ್‌ಎಸ್ ಲಿಟಲ್. ಒಂದೇ ಚಿಪ್ಪಿನಲ್ಲಿ ಎರಡೂ! ಸ್ಕ್ವಾಶ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಂ ಮೊದಲು ಎರಡನ್ನೂ ಒಪ್ಪುತ್ತಿತ್ತು, 4.0ನೇ ಆವೃತ್ತಿಯಿಂದ ಲಿಟಲ್ ಮಾತ್ರ. ಅದೇ ಸರಿ. ಡಿಸ್ಕ್ ಮೇಲಿನ ಕ್ರಮವನ್ನು ಬರೆದ ಯಂತ್ರದ ಮರ್ಜಿಗೆ ಬಿಡಬಾರದು, ಒಂದನ್ನು ಗೊತ್ತುಮಾಡಿ ಬರೆದಿಡಬೇಕು. ಓದುವಾಗ ಬೈಟ್‌ಗಳ ಕ್ರಮ ತಿರುಗಿಸುವ ಖರ್ಚಿಗೆ ಹೆದರುವವರಿದ್ದಾರೆ. ಎಆರ್‌ಎಂ ಪ್ರೊಸೆಸರ್‌ನಲ್ಲಿ ಅದಕ್ಕೆ ಒಂದೇ ಇನ್‌ಸ್ಟ್ರಕ್ಷನ್ ಸಾಕು, ಫ್ಲ್ಯಾಶ್ ಓದುವ ಹೊತ್ತಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಈ ಮಾತು ಕೈಪಿಡಿಯಲ್ಲಿ ಇರಲೇಬೇಕು.

ಉತ್ತರ (ಮೈಸೂರು):

ಬೈಟ್, ಫ್ಲ್ಯಾಶ್, ಡಿಸ್ಕ್, ಹೆಡರ್ ಎಲ್ಲ ಇಂಗ್ಲಿಶಿನಲ್ಲೇ ಇಟ್ಟುಕೊಂಡು ಹಿರಿಮೊದಲು ಎಂದರೆ ಕನ್ನಡವಾಯಿತೇ?

ಉತ್ತರ (ಮಂಡ್ಯ):

ಆಯಿತು. ಬಸ್ಸು, ರೈಲು ಆದ ಹಾಗೆಯೇ ಬೈಟೂ ಆಯಿತು. ವಿಭಕ್ತಿ ಹತ್ತಿದ ಮೇಲೆ ಅದು ನಮ್ಮದೇ. ಎಂಡಿಯನ್ ಹಾಗಲ್ಲ, ಕೇಳಿದವನಿಗೆ ಏನೂ ಹೊಳೆಯುವುದಿಲ್ಲ. ಅದನ್ನೇ ಬದಲಿಸಬೇಕಾದದ್ದು.

ಉತ್ತರ (ಕೇಳಿದವರು):

ಹಿರಿಮೊದಲು, ಕಿರಿಮೊದಲು ಇಟ್ಟುಕೊಂಡೆ. ಡೇಟಾಶೀಟ್ ಓದುವಾಗ ಬೇಕಾಗುವುದರಿಂದ ಮೊದಲ ಸಲ ಬಂದಲ್ಲಿ ಎಂಡಿಯನ್ ಪದವೂ ಪಕ್ಕದಲ್ಲಿರುತ್ತದೆ. ನೇತ್ರಬಾಣ ಅಡಿಟಿಪ್ಪಣಿಗೆ ಹೋಗುತ್ತದೆ. ಎಲ್ಲರಿಗೂ ವಂದನೆ.