ನಾನೇ ಬರೆದ ಡೀಬಗರ್: ಬ್ರೇಕ್‌ಪಾಯಿಂಟ್ ಎಲ್ಲಾ ಅಳಿಸಿದ ಮೇಲೂ ಪ್ರೋಗ್ರಾಂ ಸಿಗ್‌ಟ್ರ್ಯಾಪ್‌ನಿಂದ ಸಾಯುತ್ತಿದೆ

ಸ್ಟ್ಯಾಕ್_ಹುಡುಕಾಟ

ಎಲ್ಲರಿಗೂ ನಮಸ್ಕಾರ. ಡೀಬಗರ್ (ಇನ್ನೊಂದು ಪ್ರೋಗ್ರಾಂ ಅನ್ನು ನಡುವೆ ನಿಲ್ಲಿಸಿ ಒಳಗೆ ನೋಡುವ ಸಾಧನ) ಒಳಗೆ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿಯೋಕೆ ಲಿನಕ್ಸ್‌ನಲ್ಲಿ ಒಂದು ಪುಟ್ಟ ಡೀಬಗರ್ ಬರೆಯುತ್ತಿದ್ದೇನೆ. ಎಕ್ಸ್86-64 ಪ್ರೊಸೆಸರ್, ಸಿ++, ಪಿಟ್ರೇಸ್ (ಇನ್ನೊಂದು ಪ್ರೋಗ್ರಾಂನ ಮೆಮೊರಿ, ರಿಜಿಸ್ಟರ್ ಓದಿ ಬರೆಯಲು ಲಿನಕ್ಸ್ ಕೊಡುವ ಸಿಸ್ಟಮ್ ಕಾಲ್). ಕೆಳಗಿನ ಬೈಟ್, ಅಡ್ರೆಸ್ ಎಲ್ಲವೂ ಹೆಕ್ಸ್‌ನಲ್ಲಿವೆ.

ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ನಿಲ್ಲಬೇಕಾದ ಜಾಗ) ಇಡುವಾಗ ಆ ಅಡ್ರೆಸ್‌ನ ಬೈಟ್ ಓದಿ ಎತ್ತಿಟ್ಟುಕೊಂಡು, ಅಲ್ಲಿ ಸಿಸಿ (ಪ್ರೋಗ್ರಾಂ ನಿಲ್ಲಿಸುವ ಬೈಟ್) ಬರೆಯುತ್ತೇನೆ. ಪ್ರತಿ ಬ್ರೇಕ್‌ಪಾಯಿಂಟ್‌ಗೂ ಒಂದು ಸ್ಟ್ರಕ್ಟ್: ನಂಬರ್, ಅಡ್ರೆಸ್, ಹಳೆಯ ಬೈಟ್, ಆನ್ ಅಥವಾ ಆಫ್. ಪ್ರೋಗ್ರಾಂ ನಿಂತ ಮೇಲೆ ಹಳೆಯ ಬೈಟ್ ವಾಪಸ್ ಬರೆದು ಕಂಟಿನ್ಯೂ ಕೊಡುತ್ತೇನೆ. ತೊಂದರೆ ಇವು:

ಒಂದು, ಕೆಲವು ಫಂಕ್ಷನ್‌ಗಳಲ್ಲಿ ನಿಲ್ಲುವುದು ಸರಿಯಾಗಿದೆ, ಕಂಟಿನ್ಯೂ ಕೊಟ್ಟರೆ ಆ ಫಂಕ್ಷನ್ ಮುಗಿಯುವಾಗ ಸೆಗ್ಮೆಂಟೇಷನ್ ಫಾಲ್ಟ್. ಬೇರೆ ಫಂಕ್ಷನ್‌ಗಳಲ್ಲಿ ಏನೂ ಆಗುವುದಿಲ್ಲ. ಕೋಡ್ ಮಾತ್ರ ಅದೇ!

ಎರಡು, ಲೂಪ್‌ನಿಂದ ಮತ್ತೆ ಮತ್ತೆ ಕರೆಯುವ ಫಂಕ್ಷನ್‌ನಲ್ಲಿ ಒಂದೇ ಸಲ ನಿಲ್ಲುತ್ತದೆ.

ಮೂರನೆಯದೇ ತಲೆ ಕೆಡಿಸಿರುವುದು. ಒಂದೇ ಜಾಗಕ್ಕೆ ಎರಡು ಬ್ರೇಕ್‌ಪಾಯಿಂಟ್ ಇಟ್ಟೆ. 1ನೆಯದು ಫಂಕ್ಷನ್ ಹೆಸರಿನಿಂದ, 2ನೆಯದು ಸಾಲಿನ ನಂಬರ್‌ನಿಂದ. ಎರಡನ್ನೂ ಅಳಿಸಿದೆ, ಪಟ್ಟಿ ಖಾಲಿ. ಕಂಟಿನ್ಯೂ ಕೊಟ್ಟರೆ ಸಿಗ್‌ಟ್ರ್ಯಾಪ್ (ಸಿಸಿ ಮುಟ್ಟಿದಾಗ ಕರ್ನಲ್ ಕಳಿಸುವ ಸಿಗ್ನಲ್) ಬಂದು ಪ್ರೋಗ್ರಾಂ ಸತ್ತಿತು. ಇದು ಕೆಲವು ಸಲ ಆಗುತ್ತೆ, ಕೆಲವು ಸಲ ಇಲ್ಲ.

ಮೊದಲ ತೊಂದರೆ ಬರುವ ಫಂಕ್ಷನ್ ಶುರುವಾಗುವುದು ಹೀಗೆ:

401136: 55 — ಪುಶ್ ಆರ್‌ಬಿಪಿ
401137: 48 89 ಇ5 — ಮೂವ್ ಆರ್‌ಬಿಪಿ, ಆರ್‌ಎಸ್‌ಪಿ

ತೊಂದರೆ ಇಲ್ಲದ ಫಂಕ್ಷನ್‌ಗಳೆಲ್ಲ ಎಫ್3 0ಎಫ್ 1ಇ ಎಫ್ಎ ಎಂಬ ನಾಲ್ಕು ಬೈಟ್‌ನಿಂದ ಶುರುವಾಗುತ್ತವೆ. ಇದಕ್ಕೂ ತೊಂದರೆಗೂ ಸಂಬಂಧ ಇದೆಯೋ ಗೊತ್ತಾಗುತ್ತಿಲ್ಲ.

ಹಳೇ_ಲೂಪ್

ಡಿಸ್‌ಅಸೆಂಬ್ಲಿ ಹಾಕಿದ್ದು ತುಂಬಾ ಒಳ್ಳೆಯದಾಯಿತು, ಅರ್ಧ ಉತ್ತರ ಅದರಲ್ಲೇ ಇದೆ. ಸಂಬಂಧ ಖಂಡಿತ ಇದೆ.

ಸಿಸಿ ಕೂಡ ಒಂದು ಇನ್‌ಸ್ಟ್ರಕ್ಷನ್ನೇ, ಇಂಟ್ 3. ಪ್ರೊಸೆಸರ್ ಅದನ್ನು ಓಡಿಸಿ ಮುಗಿಸಿದ ಮೇಲೆ ಟ್ರ್ಯಾಪ್ ಬರುತ್ತದೆ. ಹಾಗಾಗಿ ನಿಂತಾಗ ಆರ್‌ಐಪಿಯಲ್ಲಿ (ಮುಂದೆ ಓಡಿಸಬೇಕಾದ ಅಡ್ರೆಸ್ ಇರುವ ರಿಜಿಸ್ಟರ್) 401136 ಇರುವುದಿಲ್ಲ, 401137 ಇರುತ್ತದೆ. ನೀವು 55 ಅನ್ನು ವಾಪಸ್ ಬರೆದಿರಿ ಸರಿ, ಆದರೆ ಪ್ರೋಗ್ರಾಂ ಅದನ್ನು ದಾಟಿಕೊಂಡೇ ಮುಂದೆ ಹೋಯಿತು. ಪುಶ್ ಆರ್‌ಬಿಪಿ, ಅಂದರೆ ಆರ್‌ಬಿಪಿ ರಿಜಿಸ್ಟರ್ ಅನ್ನು ಸ್ಟ್ಯಾಕ್‌ಗೆ ಹಾಕುವುದು, ಆಗಲೇ ಇಲ್ಲ. ಸ್ಟ್ಯಾಕ್‌ನಲ್ಲಿ ಎಂಟು ಬೈಟ್ ಕಡಿಮೆ. ಫಂಕ್ಷನ್ ನಡುವೆ ಎಲ್ಲೂ ಅದು ಕಾಣುವುದಿಲ್ಲ. ಕೊನೆಯಲ್ಲಿ ಆರ್‌ಬಿಪಿ ಪಾಪ್ ಮಾಡುವಾಗ ರಿಟರ್ನ್ ಅಡ್ರೆಸ್ ಹೋಗಿ ಆರ್‌ಬಿಪಿಯಲ್ಲಿ ಕೂರುತ್ತದೆ. ರೆಟ್ ಇನ್‌ಸ್ಟ್ರಕ್ಷನ್ ಅದರ ಮೇಲಿನ ಯಾವುದೋ ಸಂಖ್ಯೆಯನ್ನು ಅಡ್ರೆಸ್ ಅಂದುಕೊಂಡು ಜಿಗಿಯುತ್ತದೆ. ಅದಕ್ಕೇ ಫಾಲ್ಟ್ ಫಂಕ್ಷನ್ ಮುಗಿಯುವಾಗ ಬರುತ್ತಿರುವುದು.

ಇನ್ನೊಂದು ಬಗೆಯ ಫಂಕ್ಷನ್ ಯಾಕೆ ಬಚಾವಾಯಿತು? ಎಫ್3 0ಎಫ್ 1ಇ ಎಫ್ಎ ಅಂದರೆ ಎಂಡ್‌ಬಿಆರ್64, ಪಾಯಿಂಟರ್ ಮೂಲಕ ಜಿಗಿದು ಬರಬಹುದಾದ ಜಾಗದ ಗುರುತು. ಅದರಲ್ಲಿ ಮೊದಲ ಬೈಟ್ ಬಿಟ್ಟರೆ ಉಳಿಯುವ 0ಎಫ್ 1ಇ ಎಫ್ಎ ಪ್ರೊಸೆಸರ್‌ಗೆ ಒಂದು ನಾಪ್ ಅಷ್ಟೇ, ಏನೂ ಮಾಡದ ಇನ್‌ಸ್ಟ್ರಕ್ಷನ್. ತಪ್ಪು ಅಲ್ಲೂ ಆಗಿದೆ, ಅದೃಷ್ಟಕ್ಕೆ ಏನೂ ಕೆಟ್ಟಿಲ್ಲ. ತೊಂದರೆ ಕೊಟ್ಟ ಫಂಕ್ಷನ್ ಸ್ಟ್ಯಾಟಿಕ್ (ಹೆಸರು ಅದೇ ಫೈಲ್‌ನೊಳಗೆ ಮಾತ್ರ ಕಾಣುವಂಥದ್ದು) ಆಗಿರಬೇಕು, ನೋಡಿ. ನೇರವಾಗಿ ಮಾತ್ರ ಕರೆಯುವ ಸ್ಟ್ಯಾಟಿಕ್ ಫಂಕ್ಷನ್‌ಗೆ ಜಿಸಿಸಿ ಕಂಪೈಲರ್ ಎಂಡ್‌ಬಿಆರ್64 ಹಾಕುವುದಿಲ್ಲ.

ಪರಿಹಾರ: ಸಿಸಿಯಿಂದ ನಿಂತಿದ್ದು ಖಚಿತವಾದರೆ ಆರ್‌ಐಪಿಯಿಂದ ಒಂದು ಕಳೆಯಿರಿ. ಇದು ಎಕ್ಸ್86ಗೆ ಮಾತ್ರ. ಎಆರ್ಎಂ 64ರಲ್ಲಿ ಬಿಆರ್‌ಕೆ ಇನ್‌ಸ್ಟ್ರಕ್ಷನ್‌ನಿಂದ ನಿಂತಾಗ ಪ್ರೋಗ್ರಾಂ ಕೌಂಟರ್ (ಅಲ್ಲಿನ ಆರ್‌ಐಪಿ) ಆ ಬಿಆರ್‌ಕೆ ಮೇಲೇ ಇರುತ್ತದೆ, ಕಳೆಯುವಂತಿಲ್ಲ.

ಎರಡನೆಯದಕ್ಕೆ ಹೆಚ್ಚು ಹೇಳಬೇಕಿಲ್ಲ. ಹಳೆಯ ಬೈಟ್ ಹಾಕಿದ ಮೇಲೆ ಮತ್ತೆ ಸಿಸಿ ಹಾಕುವವರು ಯಾರೂ ಇಲ್ಲ. ಹಳೆಯ ಬೈಟ್ ಬರೆಯಿರಿ, ಪಿಟ್ರೇಸ್‌ನ ಸಿಂಗಲ್‌ಸ್ಟೆಪ್‌ನಿಂದ ಒಂದೇ ಇನ್‌ಸ್ಟ್ರಕ್ಷನ್ ಓಡಿಸಿ, ವೇಟ್ ಮಾಡಿ, ಸಿಸಿ ಮತ್ತೆ ಬರೆಯಿರಿ, ಆಮೇಲೆ ಕಂಟಿನ್ಯೂ.

ಈಗ ಮೂರನೆಯದು. ನಿಮ್ಮ ಕೋಡ್ ಮಾಡಿದ್ದನ್ನು ಕ್ರಮವಾಗಿ ಬರೆಯುತ್ತೇನೆ. ಜಾಗದಲ್ಲಿ ಮೊದಲು ಎಫ್3 ಇತ್ತು. 1ನೆಯದು ಎಫ್3 ಎತ್ತಿಟ್ಟುಕೊಂಡು ಸಿಸಿ ಬರೆಯಿತು. 2ನೆಯದು ಬಂದು ಓದಿದಾಗ ಅಲ್ಲಿದ್ದದ್ದು ಸಿಸಿ. ಅದನ್ನೇ 'ಹಳೆಯ ಬೈಟ್' ಅಂತ ಎತ್ತಿಟ್ಟುಕೊಂಡಿತು. 1ನ್ನು ಅಳಿಸಿದಿರಿ, ಎಫ್3 ವಾಪಸ್ ಬಂತು. ಆಗ 2ನೆಯದು ಪಟ್ಟಿಯಲ್ಲಿ ಇದ್ದರೂ ನಿಲ್ಲಿಸುವುದಿಲ್ಲ. 2ನ್ನು ಅಳಿಸಿದಿರಿ, ಅದು ತನ್ನ 'ಹಳೆಯ' ಸಿಸಿಯನ್ನು ವಾಪಸ್ ಬರೆಯಿತು. ಈಗ ಪಟ್ಟಿ ಖಾಲಿ, ಮೆಮೊರಿಯಲ್ಲಿ ಸಿಸಿ ಉಳಿದಿದೆ. 2ನ್ನು ಮೊದಲು, 1ನ್ನು ಆಮೇಲೆ ಅಳಿಸಿ ನೋಡಿ, ಏನೂ ಆಗುವುದಿಲ್ಲ. ನಿಮ್ಮ 'ಕೆಲವು ಸಲ' ಅನ್ನುವುದರ ಗುಟ್ಟು ಇದೇ.

ಇಲ್ಲಿ ಒಂದು ಇಫ್ ಸೇರಿಸಿ ಮುಚ್ಚಿಬಿಡಬೇಡಿ. ಬಳಕೆದಾರ ಕೇಳಿದ ಬ್ರೇಕ್‌ಪಾಯಿಂಟ್ ಬೇರೆ, ಮೆಮೊರಿಯಲ್ಲಿ ಕೂತಿರುವ ಸಿಸಿ ಬೇರೆ. ಎರಡನ್ನೂ ಒಂದೇ ಸ್ಟ್ರಕ್ಟ್‌ನಲ್ಲಿ ಇಟ್ಟಿದ್ದರಿಂದ ಈ ಗೊಂದಲ. ಎಲ್‌ಎಲ್‌ಡಿಬಿ ಡೀಬಗರ್ ಇದನ್ನು ಮೂರು ಪದರ ಮಾಡಿದೆ: ಬ್ರೇಕ್‌ಪಾಯಿಂಟ್, ಲೊಕೇಷನ್, ಸೈಟ್.

ಬ್ರೇಕ್‌ಪಾಯಿಂಟ್‌ನಲ್ಲಿ ಇರಬೇಕಾದ್ದು ನಂಬರ್, ಬಳಕೆದಾರ ಟೈಪ್ ಮಾಡಿದ ಮಾತು, ಕಂಡೀಷನ್, ಎಷ್ಟು ಸಲ ಮುಟ್ಟಿದೆ, ಎಷ್ಟು ಸಲ ಬಿಟ್ಟುಬಿಡಬೇಕು ಅನ್ನುವುದು. ಟೈಪ್ ಮಾಡಿದ ಮಾತನ್ನು ಹಾಗೇ ಇಟ್ಟುಕೊಳ್ಳುವುದು ತುಂಬಾ ಮುಖ್ಯ. ಪ್ರೋಗ್ರಾಂ ಮತ್ತೆ ಓಡಿಸಿದಾಗ ಲೋಡ್ ಆಗುವ ಅಡ್ರೆಸ್ ಬದಲಾಗಬಹುದು. ಇನ್ನೂ ಲೋಡ್ ಆಗದ ಲೈಬ್ರರಿಯ ಫಂಕ್ಷನ್ ಹೆಸರನ್ನೂ ಬಳಕೆದಾರ ಕೊಡಬಹುದು. ಆಗ ಅಡ್ರೆಸ್ಸೇ ಇಲ್ಲದ ಬ್ರೇಕ್‌ಪಾಯಿಂಟ್ ಒಂದು ಕಾದು ಕೂರಬೇಕಾಗುತ್ತದೆ. ಜಿಡಿಬಿ ಡೀಬಗರ್ ಅದನ್ನು ಪೆಂಡಿಂಗ್ ಅನ್ನುತ್ತದೆ. ಹೊಸ ಲೈಬ್ರರಿ ಬಂದದ್ದು ತಿಳಿಯಲು ಅದು ಡೈನಾಮಿಕ್ ಲಿಂಕರ್ (ಲೈಬ್ರರಿಗಳನ್ನು ಲೋಡ್ ಮಾಡುವ ಕೋಡ್) ಒಳಗೆ ತನ್ನದೇ ಬ್ರೇಕ್‌ಪಾಯಿಂಟ್ ಇಟ್ಟಿರುತ್ತದೆ. ಅಂಥವಕ್ಕೆ ನೆಗೆಟಿವ್ ನಂಬರ್. ಮಾಮೂಲಿ ಪಟ್ಟಿಯಲ್ಲಿ ಕಾಣುವುದಿಲ್ಲ, 'ಮೇಂಟ್ ಇನ್ಫೋ ಬ್ರೇಕ್‌ಪಾಯಿಂಟ್ಸ್' ಕೊಟ್ಟರೆ ಕಾಣುತ್ತವೆ.

ಲೊಕೇಷನ್ ಅಂದರೆ ಆ ಮಾತಿನಿಂದ ಸಿಕ್ಕ ಒಂದೊಂದು ಅಡ್ರೆಸ್. ಇನ್‌ಲೈನ್ ಆದ (ಕರೆದ ಕಡೆಯೇ ನಕಲಾದ) ಫಂಕ್ಷನ್, ಟೆಂಪ್ಲೇಟ್ ಇದ್ದರೆ ಒಂದೇ ಸಾಲಿಗೆ ಹಲವು ಅಡ್ರೆಸ್ ಬರುತ್ತವೆ. ಜಿಡಿಬಿಯಲ್ಲಿ 1.1, 1.2 ಅಂತ ಕಾಣುವುದು ಇವೇ.

ಸೈಟ್ ಅಂದರೆ ನಿಜವಾದ ಸಿಸಿ. ಅಡ್ರೆಸ್, ಅಸಲಿ ಬೈಟ್, ಈಗ ಹಾಕಿದೆಯೋ ಇಲ್ಲವೋ, ಯಾವ ಯಾವ ಲೊಕೇಷನ್‌ಗಳು ಇದನ್ನು ಬಳಸುತ್ತಿವೆ. ಒಂದು ಅಡ್ರೆಸ್‌ಗೆ ಒಂದೇ ಸೈಟ್. ಎರಡನೆಯವರು ಬಂದರೆ ಮೆಮೊರಿ ಮುಟ್ಟಬೇಡಿ, ಬಳಸುವವರ ಪಟ್ಟಿಗೆ ಸೇರಿಸಿ ಸಾಕು. ಕೊನೆಯವರು ಹೋದಾಗ ಮಾತ್ರ ಅಸಲಿ ಬೈಟ್ ವಾಪಸ್. ಸೈಟ್‌ಗಳನ್ನು ಅಡ್ರೆಸ್ ಮೇಲೆ ಮ್ಯಾಪ್‌ನಲ್ಲಿ ಇಡಿ, ನಿಂತಾಗ ಹುಡುಕೋಕೆ ಸುಲಭ.

ಸ್ಟ್ಯಾಕ್_ಹುಡುಕಾಟ

ಸರ್, ತುಂಬಾ ಥ್ಯಾಂಕ್ಸ್. ಹೌದು, ಅದು ಸ್ಟ್ಯಾಟಿಕ್ ಫಂಕ್ಷನ್ನೇ. ಸೈಟ್ ಮ್ಯಾಪ್ ಮಾಡಿದೆ, ಯಾವ ಕ್ರಮದಲ್ಲಿ ಅಳಿಸಿದರೂ ಸರಿಯಾಗಿದೆ.

ಆದರೆ ಈಗ ಹೊಸದೊಂದು. ನಿಂತಾಗ ಆರ್‌ಐಪಿ ಮೈನಸ್ ಒಂದರಲ್ಲಿ ಸೈಟ್ ಇದೆಯಾ ನೋಡಿ, ಇದ್ದರೆ ಒಂದು ಕಳೆಯುತ್ತೇನೆ. ಎಂಡ್‌ಬಿಆರ್64 ಇರುವ ಫಂಕ್ಷನ್‌ಗಳಲ್ಲಿ ಚೆನ್ನಾಗಿದೆ. 401136ರಲ್ಲಿ ಮಾತ್ರ ಎಷ್ಟು ಸಲ ಕಂಟಿನ್ಯೂ ಕೊಟ್ಟರೂ ಅಲ್ಲೇ ನಿಲ್ಲುತ್ತದೆ. ಪ್ರತಿ ಸಲ ಆರ್‌ಎಸ್‌ಪಿ (ಸ್ಟ್ಯಾಕ್‌ನ ತುದಿ ತೋರಿಸುವ ರಿಜಿಸ್ಟರ್) 8 ಕಡಿಮೆಯಾಗುತ್ತಿದೆ.

ಹಳೇ_ಲೂಪ್

ಆರ್‌ಎಸ್‌ಪಿ ನೋಡಿದ್ದು ಒಳ್ಳೆಯದಾಯಿತು. ಪುಶ್ ಆರ್‌ಬಿಪಿ ಒಂದೇ ಬೈಟ್ ಉದ್ದ, ಅಲ್ವಾ? 401136ರಿಂದ ಸಿಂಗಲ್‌ಸ್ಟೆಪ್ ಮಾಡಿದರೆ ಬಂದು ನಿಲ್ಲುವುದು 401137ರಲ್ಲಿ. ಅದೂ ಸಿಗ್‌ಟ್ರ್ಯಾಪ್ಪೇ. ನಿಮ್ಮ ಕೋಡ್ ಮೈನಸ್ ಒಂದರಲ್ಲಿ ಸೈಟ್ ಇದೆ ಅಂತ ನೋಡಿ ಹಿಂದಕ್ಕೆ ಎಳೆಯುತ್ತದೆ. ಪುಶ್ ಮತ್ತೆ ಆಗುತ್ತದೆ, ಮತ್ತೆ ಹಿಂದಕ್ಕೆ.

ಯಾವ ಕಾರಣಕ್ಕೆ ನಿಂತಿತು ಅಂತ ಕರ್ನಲ್ಲನ್ನೇ ಕೇಳಿ. ಪಿಟ್ರೇಸ್‌ನ ಗೆಟ್‌ಸಿಗ್‌ಇನ್ಫೋ ಕೊಡುವ ಎಸ್‌ಐ_ಕೋಡ್ ನೋಡಿ. ಎಕ್ಸ್86 ಲಿನಕ್ಸ್‌ನಲ್ಲಿ ಇಂಟ್ 3ರಿಂದ ನಿಂತರೆ ಅದು ಎಸ್‌ಐ_ಕರ್ನಲ್, ಅಂದರೆ ಹೆಕ್ಸ್ 80. ಸಿಂಗಲ್‌ಸ್ಟೆಪ್ ಆದರೆ ಟ್ರ್ಯಾಪ್_ಟ್ರೇಸ್, ಅಂದರೆ 2. ಮೊದಲನೆಯದಾಗಿದ್ದು, ಮೈನಸ್ ಒಂದರಲ್ಲಿ ಹಾಕಿರುವ ಸೈಟ್ ಕೂಡ ಇದ್ದರೆ ಮಾತ್ರ ಕಳೆಯಿರಿ. ಎಸ್‌ಐ_ಕರ್ನಲ್ ಇದ್ದು ಸೈಟ್ ಇಲ್ಲದಿದ್ದರೆ ಆ ಇಂಟ್ 3 ಪ್ರೋಗ್ರಾಂನದೇ. ಅದನ್ನು ಹಿಂದಕ್ಕೆ ಎಳೆಯಬೇಡಿ.

ಅರೆ_ಬೈಟ್

ನಡುವೆ ಬರುತ್ತಿದ್ದೇನೆ, ಎರಡು ವಿಷಯ ಸೇರಿಸಬೇಕು ಅನ್ನಿಸಿತು.

ಪಿಟ್ರೇಸ್‌ನ ಪೋಕ್‌ಟೆಕ್ಸ್ಟ್ ಒಂದು ಬೈಟ್ ಬರೆಯುವುದಿಲ್ಲ, ಎಂಟು ಬೈಟ್ ಒಟ್ಟಿಗೆ ಬರೆಯುತ್ತದೆ. ಕೆಲವರು ಆ ಎಂಟನ್ನೂ ಹಾಗೇ ಎತ್ತಿಟ್ಟುಕೊಂಡು, ತೆಗೆಯುವಾಗ ಎಂಟನ್ನೂ ವಾಪಸ್ ಬರೆಯುತ್ತಾರೆ. ಪಕ್ಕದಲ್ಲೇ, ಮೂರು ಬೈಟ್ ಆಚೆ, ಇನ್ನೊಂದು ಬ್ರೇಕ್‌ಪಾಯಿಂಟ್ ಆಮೇಲೆ ಇಟ್ಟಿದ್ದರೆ ಅದರ ಸಿಸಿ ಅಳಿಸಿಹೋಗುತ್ತದೆ. ಯಾವಾಗಲೂ ಈಗಿನ ಎಂಟು ಬೈಟ್ ಮತ್ತೆ ಓದಿ, ನಿಮ್ಮ ಒಂದನ್ನು ಮಾತ್ರ ಬದಲಿಸಿ ಬರೆಯಿರಿ.

ಹಲವು ಥ್ರೆಡ್ (ಒಂದೇ ಮೆಮೊರಿಯಲ್ಲಿ ಒಟ್ಟಿಗೆ ಓಡುವ ಹರಿವುಗಳು) ಇದ್ದರೆ ಹಳೆಯ ಬೈಟ್ ಹಾಕಿ ಸ್ಟೆಪ್ ಮಾಡುವ ಆ ಚಿಕ್ಕ ಹೊತ್ತಿನಲ್ಲಿ ಇನ್ನೊಂದು ಥ್ರೆಡ್ ಅಲ್ಲಿಂದ ದಾಟಿಬಿಡಬಹುದು. ನಿಮಗೆ ಗೊತ್ತೇ ಆಗುವುದಿಲ್ಲ. ಸುಲಭದ ದಾರಿ, ಆ ಹೊತ್ತಿಗೆ ಬೇರೆ ಥ್ರೆಡ್‌ಗಳನ್ನೆಲ್ಲ ನಿಲ್ಲಿಸಿಟ್ಟು ಒಂದನ್ನು ಮಾತ್ರ ಸ್ಟೆಪ್ ಮಾಡುವುದು. ಅವನ್ನು ನಿಲ್ಲಿಸುವಂತಿಲ್ಲ ಅಂದರೆ ಡಿಸ್‌ಪ್ಲೇಸ್ಡ್ ಸ್ಟೆಪ್ಪಿಂಗ್. ಸಿಸಿಯನ್ನು ತೆಗೆಯುವುದೇ ಇಲ್ಲ. ಅಸಲಿ ಇನ್‌ಸ್ಟ್ರಕ್ಷನ್‌ನ ಪ್ರತಿಯನ್ನು ಬೇರೆ ಜಾಗದಲ್ಲಿ ಬರೆದು ಅಲ್ಲಿ ಓಡಿಸಿ, ಆರ್‌ಐಪಿಯನ್ನು ಸರಿ ಮಾಡಿ ವಾಪಸ್ ತರುವುದು. ಜಿಡಿಬಿಯ ನಾನ್‌ಸ್ಟಾಪ್ ಮೋಡ್‌ನಲ್ಲಿ (ಒಂದು ಥ್ರೆಡ್ ನಿಂತರೂ ಉಳಿದವು ಓಡುವ ಮೋಡ್) ಇದೇ ನಡೆಯುತ್ತದೆ. ಕಷ್ಟ ಏನೆಂದರೆ, ಆರ್‌ಐಪಿಯಿಂದ ದೂರ ಲೆಕ್ಕ ಹಾಕಿ ಮೆಮೊರಿ ಮುಟ್ಟುವ ಇನ್‌ಸ್ಟ್ರಕ್ಷನ್‌ಗಳು ಬೇರೆ ಜಾಗದಲ್ಲಿ ಬೇರೆಯದನ್ನೇ ಮುಟ್ಟುತ್ತವೆ. ಕಾಲ್ ಇದ್ದರೆ ಸ್ಟ್ಯಾಕ್‌ಗೆ ಹೋದ ರಿಟರ್ನ್ ಅಡ್ರೆಸ್ಸನ್ನೂ ತಿದ್ದಬೇಕು. ಈಗಲೇ ಇದಕ್ಕೆ ಕೈ ಹಾಕಬೇಡಿ.

ಸ್ಟ್ಯಾಕ್_ಹುಡುಕಾಟ

ಎಸ್‌ಐ_ಕೋಡ್ ನೋಡಿದ ಮೇಲೆ ಆ ಲೂಪ್ ಹೋಯಿತು. ನನ್ನದು ಒಂದೇ ಥ್ರೆಡ್, ಹಾಗಾಗಿ ಸದ್ಯಕ್ಕೆ ಬಚಾವ್.

ಇನ್ನೊಂದು ಕುತೂಹಲ. ಜಿಡಿಬಿಯಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು ಆ ಅಡ್ರೆಸ್‌ನ ಬೈಟ್ ನೋಡಿದರೆ 55 ಅಂತಲೇ ತೋರಿಸುತ್ತದೆ, ಸಿಸಿ ಕಾಣುವುದಿಲ್ಲ. ಅದು ಬೇರೆ ಏನಾದರೂ ದಾರಿ ಹಿಡಿಯುತ್ತದೆಯೇ?

ಹಳೇ_ಲೂಪ್

ಅದೂ ಸಿಸಿಯನ್ನೇ ಬರೆಯುತ್ತದೆ. ಕಾಣದಿರುವುದಕ್ಕೆ ಎರಡು ಕಾರಣ. ಜಿಡಿಬಿ ಮಾಮೂಲಿಯಾಗಿ ಪ್ರೋಗ್ರಾಂ ನಿಂತಾಗ ಎಲ್ಲ ಸಿಸಿಗಳನ್ನೂ ತೆಗೆದುಬಿಡುತ್ತದೆ, ಓಡಿಸುವ ಮುಂಚೆ ಮತ್ತೆ ಹಾಕುತ್ತದೆ. ಹಾಕಿರುವಾಗ ಓದಿದರೂ, ಓದಿದ ಬೈಟ್‌ಗಳ ಮೇಲೆ ತಾನು ಎತ್ತಿಟ್ಟ ಅಸಲಿ ಬೈಟ್ ಕೂರಿಸಿ ನಿಮಗೆ ತೋರಿಸುತ್ತದೆ. ನೀವೂ ಹೀಗೇ ಮಾಡಿ. ಇಲ್ಲದಿದ್ದರೆ ನಿಮ್ಮ ಡಿಸ್‌ಅಸೆಂಬ್ಲಿ ತುಂಬಾ ಇಂಟ್ 3 ಕಾಣುತ್ತದೆ. ಬರೆಯುವಾಗಲೂ ಅಷ್ಟೇ: ಬಳಕೆದಾರ ಆ ಅಡ್ರೆಸ್‌ಗೆ ಏನಾದರೂ ಬರೆದರೆ ಅದು ಸೈಟ್‌ನ ಅಸಲಿ ಬೈಟ್‌ಗೆ ಹೋಗಬೇಕು, ಮೆಮೊರಿಯಲ್ಲಿ ಸಿಸಿ ಹಾಗೇ ಇರಬೇಕು.

ಕಣ್ಣಾರೆ ನೋಡಬೇಕಾದರೆ ಒಂದು ಪುಟ್ಟ ಪ್ರೋಗ್ರಾಂ ಬರೆಯಿರಿ. ಫಂಕ್ಷನ್ ಪಾಯಿಂಟರ್ ಹಿಡಿದು ಅದರ ಮೊದಲ ಬೈಟ್ ಅನ್ನು ತಾನೇ ಓದಿ ಪ್ರಿಂಟ್ ಮಾಡಲಿ. ಜಿಡಿಬಿಯಲ್ಲಿ ಫಂಕ್ಷನ್ ಹೆಸರಿನ ಮುಂದೆ ನಕ್ಷತ್ರ ಹಾಕಿ ಬ್ರೇಕ್‌ಪಾಯಿಂಟ್ ಇಡಿ. ಬರೀ ಹೆಸರು ಕೊಟ್ಟರೆ ಅದು ಶುರುವಿನ ಸ್ಟ್ಯಾಕ್ ತಯಾರಿಯನ್ನು ದಾಟಿ ಆಮೇಲೆ ಇಡುತ್ತದೆ. ಓಡಿಸಿದರೆ ಪ್ರೋಗ್ರಾಂ ತಾನೇ ಸಿಸಿ ಅಂತ ಪ್ರಿಂಟ್ ಮಾಡುತ್ತದೆ. ತನ್ನ ಕೋಡ್‌ನ ಚೆಕ್‌ಸಮ್ ಲೆಕ್ಕ ಹಾಕುವ ಪ್ರೋಗ್ರಾಂಗಳು ಡೀಬಗರ್ ಅಡಿಯಲ್ಲಿ ಕೈ ಕೊಡುವುದು ಇದರಿಂದಲೇ. ಅಲ್ಲಿ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ ಬೇಕು. ಡಿಆರ್0ಯಿಂದ ಡಿಆರ್3ರವರೆಗಿನ ರಿಜಿಸ್ಟರ್‌ಗಳಲ್ಲಿ ಅಡ್ರೆಸ್, ಡಿಆರ್7ರಲ್ಲಿ ಸೆಟ್ಟಿಂಗ್. ಕೋಡ್ ಮುಟ್ಟುವುದಿಲ್ಲ, ಆದರೆ ನಾಲ್ಕೇ ಸಿಗುತ್ತವೆ.

ಸ್ಟ್ಯಾಕ್_ಹುಡುಕಾಟ

ಮಾಡಿ ನೋಡಿದೆ, ಸಿಸಿ ಅಂತಲೇ ಬಂತು! ಹಾಗಾದರೆ ಈ ಸಿಸಿ ಡಿಸ್ಕ್‌ನಲ್ಲಿರುವ ಫೈಲ್‌ಗೂ ಹೋಗುತ್ತದೆಯೇ? ಪ್ರೋಗ್ರಾಂ ಫೋರ್ಕ್ ಮಾಡಿದರೆ (ತನ್ನದೇ ಪ್ರತಿಯಾಗಿ ಇನ್ನೊಂದು ಪ್ರೋಸೆಸ್ ಹುಟ್ಟಿಸಿದರೆ) ಆ ಚೈಲ್ಡ್ ಪ್ರೋಸೆಸ್‌ಗೆ ಏನಾಗುತ್ತದೆ?

ಅರೆ_ಬೈಟ್

ಫೈಲ್‌ಗೆ ಹೋಗುವುದಿಲ್ಲ. ಕೋಡ್ ಪೇಜ್‌ಗಳು ಪ್ರೈವೇಟ್ ಆಗಿ ಮ್ಯಾಪ್ ಆಗಿರುತ್ತವೆ. ಪಿಟ್ರೇಸ್ ಬರೆದ ತಕ್ಷಣ ಕರ್ನಲ್ ಆ ಪೇಜ್‌ನ ಬೇರೆ ಪ್ರತಿ ಮಾಡಿ ಅದಕ್ಕೆ ಬರೆಯುತ್ತದೆ. ಅದೇ ಲೈಬ್ರರಿ ಬಳಸುವ ಬೇರೆ ಪ್ರೋಸೆಸ್‌ಗಳಿಗೂ ಗೊತ್ತಾಗುವುದಿಲ್ಲ.

ಫೋರ್ಕ್‌ನಲ್ಲಿ ಮಾತ್ರ ಎಚ್ಚರ. ಚೈಲ್ಡ್‌ಗೆ ಮೆಮೊರಿಯ ಜೊತೆ ಸಿಸಿಗಳೂ ಹೋಗುತ್ತವೆ. ಅದನ್ನು ಹಿಡಿದಿರುವ ಡೀಬಗರ್ ಇಲ್ಲದಿದ್ದರೆ ಮೊದಲ ಸಿಸಿಯಲ್ಲೇ ಸಾಯುತ್ತದೆ. ಪಿಟ್ರೇಸ್‌ನಲ್ಲಿ ಫೋರ್ಕ್ ಟ್ರೇಸ್ ಆಯ್ಕೆ ಆನ್ ಮಾಡಿ. ಚೈಲ್ಡ್ ಕೈಗೆ ಸಿಕ್ಕಾಗ ಹಾಕಿರುವ ಪ್ರತಿ ಸೈಟ್‌ನ ಅಸಲಿ ಬೈಟ್ ಅನ್ನು ಚೈಲ್ಡ್ ಮೆಮೊರಿಗೆ ಬರೆದು, ಆಮೇಲೆ ಡಿಟ್ಯಾಚ್ ಮಾಡಿ. ವಿಫೋರ್ಕ್ ಆದರೆ ಇಬ್ಬರಿಗೂ ಒಂದೇ ಮೆಮೊರಿ, ಚೈಲ್ಡ್‌ನಲ್ಲಿ ತೆಗೆದರೆ ಪೇರೆಂಟ್‌ನಲ್ಲೂ ಹೋಯಿತು. ಚೈಲ್ಡ್ ಎಕ್ಸೆಕ್ ಮಾಡಿದ (ತನ್ನ ಜಾಗದಲ್ಲಿ ಬೇರೆ ಪ್ರೋಗ್ರಾಂ ಲೋಡ್ ಮಾಡಿಕೊಂಡ) ಮೇಲೆ ಅಥವಾ ಮುಗಿದ ಮೇಲೆ ಪೇರೆಂಟ್‌ಗೆ ಮತ್ತೆ ಹಾಕಬೇಕು.

ನೀವು ಡೀಬಗ್ ಮಾಡುತ್ತಿರುವ ಪ್ರೋಸೆಸ್ಸೇ ಎಕ್ಸೆಕ್ ಮಾಡಿದರೆ ಹಳೆಯ ಮೆಮೊರಿ ಪೂರ್ತಿ ಹೋಗಿರುತ್ತದೆ. ಆಗ ಸೈಟ್ ಮ್ಯಾಪ್ ಅನ್ನು ಸುಮ್ನೆ ಖಾಲಿ ಮಾಡಿ. ಅಸಲಿ ಬೈಟ್‌ಗಳನ್ನು ಎಲ್ಲಿಗೂ ಬರೆಯಬೇಡಿ, ಆ ಅಡ್ರೆಸ್‌ಗಳಲ್ಲಿ ಈಗ ಬೇರೆ ಪ್ರೋಗ್ರಾಂ ಇದೆ. ಮೇಲಿನ ಪದರದ ಬ್ರೇಕ್‌ಪಾಯಿಂಟ್‌ಗಳು ಹಾಗೇ ಇರಲಿ. ಬಳಕೆದಾರ ಟೈಪ್ ಮಾಡಿದ ಮಾತನ್ನು ಹೊಸ ಫೈಲ್‌ನ ಸಿಂಬಲ್‌ಗಳಲ್ಲಿ ಮತ್ತೆ ಹುಡುಕಿಸಿ. ಸಿಕ್ಕಿದ್ದಕ್ಕೆ ಹೊಸ ಸೈಟ್ ಮಾಡಿ, ಸಿಗದಿದ್ದನ್ನು ಪೆಂಡಿಂಗ್ ಅಂತ ತೋರಿಸಿ.